ಗಿಲ್ಡ್‌ನಲ್ಲಿ ಪದವಿ ಬೇರೆ, ಹೊಣೆ ಬೇರೆ: ಹೊಸದಾಗಿ ಗಿಲ್ಡ್ ಕಟ್ಟುವವರಿಗೆ

ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ ಮತ್ತು ಮದ್ದೂರಿನ ಸುಮಾರು ಮೂವತ್ತು ಮಂದಿ ಸೇರಿ ಆನ್‌ಲೈನ್ ಫ್ಯಾಂಟಸಿ ಆಟವೊಂದರಲ್ಲಿ ಗಿಲ್ಡ್ (ಒಟ್ಟಾಗಿ ಆಡುವ ಆಟಗಾರರ ಸಂಘ) ಕಟ್ಟಿದಾಗ, ನಾವು ಮಾಡಿದ ಮೊದಲ ಕೆಲಸ ಬಿರುದು ಹಂಚಿದ್ದು. ಒಂದೇ ವಾರದಲ್ಲಿ ಒಂಬತ್ತು ಮಂದಿ ಆಫೀಸರ್‌ಗಳಾದರು. ಆದರೆ ಶನಿವಾರ ರಾತ್ರಿ ತಂಡವಾಗಿ ದೊಡ್ಡ ಶತ್ರುಗಳ ಮೇಲೆ ನಡೆಸುವ ದಾಳಿಯಾದ ರೇಡ್‌ಗೆ ಯಾರು ಜನ ಕೂಡಿಸಬೇಕು, ಎಲ್ಲರ ವಸ್ತುಗಳನ್ನು ಕೂಡಿಡುವ ಗಿಲ್ಡ್ ಬ್ಯಾಂಕಿನಿಂದ ಯಾರು ಎಷ್ಟು ತೆಗೆಯಬಹುದು, ಹೊಸಬರ ಪ್ರಶ್ನೆಗೆ ಯಾರು ಉತ್ತರಿಸಬೇಕು ಎಂಬುದು ಆ ಒಂಬತ್ತು ಮಂದಿಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಎರಡನೆಯ ತಿಂಗಳಿನಲ್ಲಿ ಒಬ್ಬ ಆಫೀಸರ್ ಬ್ಯಾಂಕಿನಲ್ಲಿದ್ದ ಪೋಶನ್‌ಗಳನ್ನೆಲ್ಲ (ಆಟದೊಳಗಿನ ಮದ್ದುಗಳನ್ನು) ತಮ್ಮ ಆಲ್ಟ್ ಕ್ಯಾರೆಕ್ಟರ್‌ಗೆ, ಅಂದರೆ ತಮ್ಮದೇ ಇನ್ನೊಂದು ಪಾತ್ರಕ್ಕೆ, ಸಾಗಿಸಿಕೊಂಡರು. ಅವರು ನಿಯಮ ಮುರಿದರೆಂದು ಹೇಳಲೂ ನಮಗೆ ಬಾಯಿ ಇರಲಿಲ್ಲ, ಏಕೆಂದರೆ ನಾವು ನಿಯಮವನ್ನೇ ಬರೆದಿರಲಿಲ್ಲ. ಗಿಲ್ಡ್ ಆ ತಿಂಗಳು ಒಡೆಯುವುದರಲ್ಲಿತ್ತು. ಆಮೇಲೆ ಕುಳಿತು ಎಲ್ಲವನ್ನೂ ಮೊದಲಿನಿಂದ ಜೋಡಿಸಿದೆವು. ಹಾಗೆ ಜೋಡಿಸಿದ ಕ್ರಮವನ್ನೇ ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲಿಗೆ ಎರಡು ಮಾತುಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಗಿಲ್ಡ್ ಒಬ್ಬರನ್ನು ಎಷ್ಟು ನಂಬಿ ಯಾವ ಬಾಗಿಲಿನ ಕೀಲಿ ಕೊಟ್ಟಿದೆ ಎಂಬುದು ಪದವಿ. ಅವರು ದಿನನಿತ್ಯ ಯಾವ ಕೆಲಸ ಹೊತ್ತಿದ್ದಾರೆ ಎಂಬುದು ಹೊಣೆ. ರೇಡ್‌ನಲ್ಲಿ ಇಡೀ ತಂಡದ ಪ್ರಾಣ ಕಾಯುವ ಹೀಲರ್ ಕಳೆದ ವಾರವಷ್ಟೇ ಸೇರಿದವರಾಗಿರಬಹುದು, ಗಿಲ್ಡ್ ಮಾಸ್ಟರ್ ಸಾಮಾನ್ಯ ಡಿಪಿಎಸ್ (ಶತ್ರುವಿಗೆ ಹೊಡೆತ ಕೊಡುವವರು) ಆಗಿ ರೇಡ್ ಲೀಡರ್ ಹೇಳಿದಂತೆ ನಡೆಯುತ್ತಿರಬಹುದು, ಮತ್ತು ಇದರಲ್ಲಿ ಯಾರ ಮರ್ಯಾದೆಗೂ ಕುಂದಿಲ್ಲ. ಇವೆರಡನ್ನೂ ಬೆರೆಸಿದಾಗಲೇ ಆಟ ಚೆನ್ನಾಗಿ ಆಡುತ್ತಾರೆಂಬ ಒಂದೇ ಕಾರಣಕ್ಕೆ ಒಬ್ಬರಿಗೆ ಬ್ಯಾಂಕಿನ ಕೀಲಿ ಹೋಗುತ್ತದೆ.

ಪದವಿಗಳು ಎಷ್ಟಿರಬೇಕು? ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಒಂದು ಗಿಲ್ಡ್‌ಗೆ ಹತ್ತು ಪದವಿಗಳವರೆಗೆ ಅವಕಾಶ ಕೊಡುತ್ತದೆ, ಆದರೆ ಅವಕಾಶವಿದೆಯೆಂದು ಹತ್ತನ್ನೂ ತುಂಬಬೇಕಾಗಿಲ್ಲ. ಮೂವತ್ತು ನಲವತ್ತು ಮಂದಿಯ ಗಿಲ್ಡ್‌ಗೆ ಐದು ಸಾಕು: ಹೊಸಬರು, ಸದಸ್ಯರು, ಹಿರಿಯ ಸದಸ್ಯರು, ಆಫೀಸರ್‌ಗಳು, ಗಿಲ್ಡ್ ಮಾಸ್ಟರ್. ಪ್ರತಿ ಪದವಿಯ ಎದುರಿಗೂ, ಅದರ ಕೆಳಗಿನ ಪದವಿಗಿಲ್ಲದ ಯಾವ ಅನುಮತಿ ಇದಕ್ಕಿದೆ ಎಂದು ಒಂದು ವಾಕ್ಯ ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಪದವಿಯನ್ನು ತೆಗೆದುಹಾಕಿ. ನಮ್ಮಲ್ಲಿ ಹೊಸಬರು ಬ್ಯಾಂಕಿಗೆ ವಸ್ತು ಹಾಕಬಹುದು, ತೆಗೆಯುವಂತಿಲ್ಲ. ಸದಸ್ಯರು ದಿನಕ್ಕೆ ಇಷ್ಟೆಂದು ಮಿತಿಯೊಳಗೆ ತೆಗೆಯಬಹುದು. ಹಿರಿಯ ಸದಸ್ಯರು ಹೊಸಬರನ್ನು ಗಿಲ್ಡ್‌ಗೆ ಕರೆತರಬಹುದು. ಆಫೀಸರ್‌ಗಳು ತಮಗೆ ಒಪ್ಪಿಸಿದ ಒಂದು ಇಲಾಖೆಯನ್ನು ನಡೆಸುತ್ತಾರೆ. ಬ್ಯಾಂಕಿನ ಒಂದೊಂದು ಟ್ಯಾಬ್‌ಗೂ ಪದವಿವಾರು ಮಿತಿ ಹಾಕುವ ಸೌಲಭ್ಯ ಆಟದಲ್ಲೇ ಇದೆ, ಯಾರು ಏನು ತೆಗೆದರೆಂಬ ದಾಖಲೆಯೂ ಅಲ್ಲಿಯೇ ಕಾಣುತ್ತದೆ. ಇವನ್ನು ಮೊದಲ ದಿನವೇ ಹೊಂದಿಸಿಕೊಳ್ಳಿ. ಜಗಳವಾದ ಮೇಲೆ ಮಿತಿ ಹಾಕಿದರೆ ಅದು ಒಬ್ಬ ವ್ಯಕ್ತಿಯ ಮೇಲಿನ ಅಪನಂಬಿಕೆಯಾಗಿ ಕಾಣುತ್ತದೆ.

ಇಲಾಖೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಚಿಕ್ಕದೇವರಾಜ ಒಡೆಯರು ಮೈಸೂರಿನ ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ಹಂಚಿದ್ದರು. ಅಠಾರ ಕಚೇರಿ ಎಂಬ ಹೆಸರು ಬಂದದ್ದು ಅದರಿಂದಲೇ. ಯಾವ ಕೆಲಸ ಯಾರ ಬಳಿ ಇದೆ ಎಂಬುದು ಸ್ಪಷ್ಟವಾಗಿದ್ದರೆ ರಾಜ್ಯವಾಗಲಿ ಗಿಲ್ಡ್ ಆಗಲಿ ನಡೆಯುತ್ತದೆ. ಅದೇ ಮೈಸೂರಿನ ಮುಂದಿನ ಚರಿತ್ರೆಯಲ್ಲಿ ಎಚ್ಚರಿಕೆಯೂ ಇದೆ. ಇಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸೈನ್ಯ ದಳವಾಯಿ ದೇವರಾಜಯ್ಯನವರ ಕೈಯಲ್ಲಿತ್ತು, ಹಣಕಾಸು ಅವರ ತಮ್ಮ ಸರ್ವಾಧಿಕಾರಿ ನಂಜರಾಜಯ್ಯನವರ ಕೈಯಲ್ಲಿತ್ತು. ಕತ್ತಿಯೂ ಕೋಶವೂ ಒಂದೇ ಮನೆಯಲ್ಲಿದ್ದುದರಿಂದ ಅರಸರು ಹೆಸರಿಗಷ್ಟೇ ಅರಸರಾಗಿ ಉಳಿದರು, ಮತ್ತು 1761ರ ಹೊತ್ತಿಗೆ ಆ ಅಧಿಕಾರವೆಲ್ಲ ಹೈದರ್ ಅಲಿಯ ಕೈಸೇರಿತು. ಆದ್ದರಿಂದ ರೇಡ್ ಲೀಡರ್ ಮತ್ತು ಬ್ಯಾಂಕ್ ನೋಡಿಕೊಳ್ಳುವ ಆಫೀಸರ್ ಎಂದಿಗೂ ಒಬ್ಬರೇ ಆಗಬಾರದು. ಸಾಧ್ಯವಾದರೆ ಒಂದೇ ಮನೆಯವರೂ, ಒಂದೇ ಹಾಸ್ಟೆಲ್ ಕೊಠಡಿಯವರೂ ಆಗಬಾರದು. ಅವರು ಕೆಟ್ಟವರೆಂದಲ್ಲ. ಪ್ರಶ್ನೆ ಬಂದಾಗ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡಬೇಕಾಗುತ್ತದೆ, ಮತ್ತು ಹತ್ತಿರದವರಿಗೆ ಆ ಕೆಲಸ ಬಹಳ ಕಷ್ಟ.

ಎಲ್ಲಕ್ಕಿಂತ ಸೂಕ್ಷ್ಮವಾದ ಹೊಣೆ ಲೂಟ್, ಅಂದರೆ ರೇಡ್‌ನಲ್ಲಿ ಗೆದ್ದ ವಸ್ತು, ಹಂಚುವವರದು. ಎಂಟು ಮಂದಿ ಮೂರು ಗಂಟೆ ಹೋರಾಡಿ ಕೆಡವಿದ ಬಾಸ್‌ನಿಂದ, ಅಂದರೆ ಮುಖ್ಯ ಶತ್ರುವಿನಿಂದ, ಎರಡೇ ಎರಡು ವಸ್ತು ಬಿದ್ದಾಗ, ಅವು ಯಾರಿಗೆ ಎಂದು ಹೇಳುವವರು ಯಾರು? ನಮ್ಮ ಗಿಲ್ಡ್‌ನಲ್ಲಿ ಅವರನ್ನು ನೀರುಗಂಟಿ ಎಂದು ಕರೆಯುತ್ತೇವೆ. ಮಂಡ್ಯ ಕಡೆಯ ಗೆಳೆಯರೇ ಈ ಹೆಸರು ಸೂಚಿಸಿದವರು. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಯಾವ ಸರದಿಯಲ್ಲಿ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವವರು ನೀರುಗಂಟಿ. ಸರದಿ ಊರಿಗೆಲ್ಲ ಮೊದಲೇ ತಿಳಿದಿರುತ್ತದೆ. ನೀರುಗಂಟಿ ಅದನ್ನು ಜಾರಿಗೆ ತರುತ್ತಾರೆ. ಲೂಟ್ ಹಂಚುವವರೂ ಹಾಗೆಯೇ ಇರಬೇಕು. ನಿಯಮವನ್ನು ಎಲ್ಲರೂ ಸೇರಿ ರೇಡ್‌ಗೆ ಮುಂಚೆಯೇ ಒಪ್ಪಿರಬೇಕು, ನೀರುಗಂಟಿ ಅದನ್ನು ಎಲ್ಲರೆದುರು ನಡೆಸಬೇಕು, ಬಾಸ್ ಸತ್ತ ಮೇಲೆ ನಿಯಮ ಬದಲಿಸುವ ಅಧಿಕಾರ ಗಿಲ್ಡ್ ಮಾಸ್ಟರ್‌ಗೂ ಇರಬಾರದು.

ನಿಯಮ ಯಾವುದಿರಬೇಕೆಂಬುದು ನಿಮ್ಮ ಆಯ್ಕೆ. ಎವರ್‌ಕ್ವೆಸ್ಟ್ ಎಂಬ ಹಳೆಯ ಆನ್‌ಲೈನ್ ಆಟದ ಕಾಲದ ಗಿಲ್ಡ್‌ಗಳು ರೂಪಿಸಿದ ಡಿಕೆಪಿ, ಅಂದರೆ ಡ್ರ್ಯಾಗನ್ ಕಿಲ್ ಪಾಯಿಂಟ್ಸ್ ಪದ್ಧತಿಯಲ್ಲಿ, ರೇಡ್‌ಗೆ ಬಂದವರ ಖಾತೆಗೆ ಅಂಕ ಸೇರುತ್ತದೆ ಮತ್ತು ವಸ್ತು ಬೇಕಾದಾಗ ಅವರು ಆ ಅಂಕವನ್ನು ಖರ್ಚು ಮಾಡುತ್ತಾರೆ. ನಿಯಮಿತವಾಗಿ ಬರುವವರಿಗೆ ಇದು ನ್ಯಾಯ ಒದಗಿಸುತ್ತದೆ, ಆದರೆ ಹಳಬರ ಖಾತೆ ಉಬ್ಬಿ ಹೊಸಬರಿಗೆ ತಿಂಗಳುಗಟ್ಟಲೆ ಏನೂ ಸಿಗದಂತಾಗುವ ದೋಷವೂ ಇದರಲ್ಲಿದೆ. ಚಿಕ್ಕ ಗಿಲ್ಡ್‌ಗೆ ಸರಳ ಸರದಿಯೇ ಮೇಲೆಂಬುದು ನನ್ನ ಅಭಿಪ್ರಾಯ: ಒಂದು ಪಟ್ಟಿ ಮಾಡಿ, ವಸ್ತು ಪಡೆದವರ ಹೆಸರನ್ನು ಪಟ್ಟಿಯ ಕೊನೆಗೆ ಇಳಿಸುತ್ತಾ ಹೋಗುವುದು. ನೀರುಗಂಟಿಯವರಿಗೇ ವಸ್ತು ಬರುವ ಸರದಿಯಾದರೆ ಆ ಹಂಚಿಕೆಯನ್ನು ಇನ್ನೊಬ್ಬ ಆಫೀಸರ್ ಪ್ರಕಟಿಸಲಿ.

ಯುದ್ಧದ ಪಾತ್ರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅವನ್ನು ಆಟವೇ ನಿರ್ಧರಿಸಿರುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಐದು ಮಂದಿಯ ಡಂಜನ್‌ಗೆ (ರೇಡ್‌ಗಿಂತ ಚಿಕ್ಕ ದಾಳಿ) ಶತ್ರುವಿನ ಹೊಡೆತವನ್ನು ಮುಂದೆ ನಿಂತು ತಾಳುವ ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಮೂವರು ಡಿಪಿಎಸ್ ಬೇಕು. ಫೈನಲ್ ಫ್ಯಾಂಟಸಿ 14ರ ಎಂಟು ಮಂದಿಯ ರೇಡ್‌ಗೆ ಇಬ್ಬರು ಟ್ಯಾಂಕ್, ಇಬ್ಬರು ಹೀಲರ್, ನಾಲ್ವರು ಡಿಪಿಎಸ್. ಗಿಲ್ಡ್ ಮಾಡಬೇಕಾದುದು ಒಂದೇ: ಟ್ಯಾಂಕ್ ಮತ್ತು ಹೀಲರ್ ಸ್ಥಾನಗಳಿಗೆ ಒಬ್ಬೊಬ್ಬರನ್ನಾದರೂ ಬದಲಿಯಾಗಿ ಸಿದ್ಧಪಡಿಸಿಕೊಳ್ಳುವುದು. ಹಳ್ಳಿಯಲ್ಲಿ ಕರೆಂಟ್ ಹೋಗಿ ಟ್ಯಾಂಕ್ ಆಡುವವರು ಬಾರದಿದ್ದರೆ ಉಳಿದವರೆಲ್ಲ ಸುಮ್ಮನೆ ಕೂರಬೇಕಾದೀತು.

ಹೊಸಬರನ್ನು ಸದಸ್ಯರನ್ನಾಗಿಸುವ ಅವಧಿಗೆ ದಸರಾ ಆನೆಗಳ ತಾಲೀಮು ನಮಗೆ ಮಾದರಿಯಾಯಿತು. ಜಂಬೂ ಸವಾರಿಯ ದಿನ ಹೊರಬೇಕಾದ ಚಿನ್ನದ ಅಂಬಾರಿಯ ತೂಕ 750 ಕೆಜಿ. ಅದನ್ನು ಯಾವ ಆನೆಯ ಮೇಲೂ ಒಮ್ಮೆಗೇ ಇಡುವುದಿಲ್ಲ. ಭಾರವಿಲ್ಲದ ನಡಿಗೆಯಿಂದ ಆರಂಭಿಸಿ, ಮರಳಿನ ಮೂಟೆಗಳ ಭಾರವನ್ನು ಹಂತಹಂತವಾಗಿ ಏರಿಸಿ, ಕುಶಾಲತೋಪಿನ ಸದ್ದಿಗೂ ರೂಢಿಮಾಡಿಸುತ್ತಾರೆ. ಸವಾರಿಯ ದಿನವೂ ಅಂಬಾರಿ ಆನೆಯ ಎರಡೂ ಪಕ್ಕದಲ್ಲಿ ಕುಮ್ಕಿ ಆನೆಗಳು ಜೊತೆ ನಡೆಯುತ್ತವೆ. ಹೊಸಬರಿಗೂ ನಾಲ್ಕು ವಾರಗಳ ಕಾಲ ಹೀಗೆಯೇ ಭಾರ ಏರಿಸಿ: ಮೊದಲ ವಾರ ಐದು ಮಂದಿಯ ಡಂಜನ್, ಎರಡನೆಯ ವಾರ ಗಿಲ್ಡ್‌ಗೆ ಈಗಾಗಲೇ ಪಳಗಿದ ಹಳೆಯ ರೇಡ್, ಆಮೇಲೆ ಹೊಸ ರೇಡ್‌ನಲ್ಲಿ ಬದಲಿ ಸ್ಥಾನ. ಈ ಅವಧಿ ಮುಗಿಯುವವರೆಗೂ ಒಬ್ಬ ಹಿರಿಯ ಸದಸ್ಯರು ಅವರಿಗೆ ಕುಮ್ಕಿಯಾಗಿರಲಿ. ಹೊಸಬರು ಯಾವ ಪ್ರಶ್ನೆಯನ್ನಾದರೂ ಮೊದಲು ಅವರನ್ನೇ ಕೇಳಲಿ. ಅವಧಿ ಮುಗಿದ ದಿನ ತೀರ್ಮಾನವನ್ನು ಹೌದು ಅಥವಾ ಇಲ್ಲ ಎಂದು ಸ್ಪಷ್ಟವಾಗಿ ತಿಳಿಸಿ. ತಿಂಗಳುಗಟ್ಟಲೆ ಯಾರನ್ನೂ ತೂಗುಹಾಕಬೇಡಿ.

ಇಷ್ಟೆಲ್ಲ ನಿಶ್ಚಯವಾದ ಮೇಲೆ ಗಿಲ್ಡ್‌ನವರು ಮಾತನಾಡಿಕೊಳ್ಳುವ ಡಿಸ್ಕಾರ್ಡ್ ಆ್ಯಪ್ ಕಡೆಗೆ ಬನ್ನಿ. ಅಲ್ಲಿ ಪದವಿ ಮತ್ತು ಹೊಣೆ ಎರಡಕ್ಕೂ ರೋಲ್ ಎಂಬ ಒಂದೇ ಹೆಸರಿರುವುದರಿಂದ ಗೊಂದಲವಾಗುವುದು ಸಹಜ. ರೋಲ್‌ಗಳ ಪಟ್ಟಿಯಲ್ಲಿ ಪದವಿಯ ಐದನ್ನು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಇಟ್ಟು ಅನುಮತಿಗಳನ್ನು ಅವಕ್ಕೆ ಮಾತ್ರ ಕೊಡಿ; ಟ್ಯಾಂಕ್, ಹೀಲರ್, ಡಿಪಿಎಸ್ ಮುಂತಾದವನ್ನು ಅವುಗಳ ಕೆಳಗೆ ಬಣ್ಣ ಮತ್ತು ಕರೆಯುವ ಅನುಕೂಲಕ್ಕಷ್ಟೇ ಇಟ್ಟುಕೊಳ್ಳಿ. ಈ ಕ್ರಮಕ್ಕೆ ಕಾರಣವಿದೆ: ರೋಲ್‌ಗಳನ್ನು ನಿರ್ವಹಿಸುವ ಅನುಮತಿ ಇದ್ದವರೂ ತಮ್ಮ ಅತ್ಯುನ್ನತ ರೋಲ್‌ಗಿಂತ ಕೆಳಗಿರುವ ರೋಲ್‌ಗಳನ್ನು ಮಾತ್ರ ಇತರರಿಗೆ ಕೊಡಬಲ್ಲರು. ಅಡ್ಮಿನಿಸ್ಟ್ರೇಟರ್ ಎಂಬ ಅನುಮತಿ ಪ್ರತಿ ಚಾನೆಲ್‌ಗೆ ನೀವು ಹಾಕಿದ ನಿರ್ಬಂಧಗಳನ್ನೆಲ್ಲ ದಾಟುತ್ತದೆ, ಆದ್ದರಿಂದ ಅದನ್ನು ಆಫೀಸರ್‌ಗಳಿಗೆ ಗುಂಪಾಗಿ ಕೊಡಬೇಡಿ. ಅವರವರ ಕೆಲಸಕ್ಕೆ ಬೇಕಾದ ಅನುಮತಿಯನ್ನು ಬಿಡಿಬಿಡಿಯಾಗಿ ಕೊಡಿ.

ಪದವಿಗಳಿಗೆ ಕನ್ನಡದ ಹೆಸರಿಡುವುದು ಸಂತೋಷದ ಕೆಲಸ. ನಮ್ಮ ನಾಡಿಗೆ ಗಿಲ್ಡ್ ಹೊಸದೇನೂ ಅಲ್ಲ. ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘದ ಹೆಸರು ದಕ್ಷಿಣ ಭಾರತದ ಎಷ್ಟೋ ಶಾಸನಗಳಲ್ಲಿದೆ. ಗಿಲ್ಡ್ ಮಾಸ್ಟರ್‌ಗೆ ಪಟ್ಟಣಸ್ವಾಮಿ, ರೇಡ್ ಲೀಡರ್‌ಗೆ ದಳವಾಯಿ, ಬ್ಯಾಂಕ್ ನೋಡಿಕೊಳ್ಳುವವರಿಗೆ ಭಂಡಾರಿ, ಹಾಜರಿ ಬರೆಯುವವರಿಗೆ ಸೇನಬೋವ ಎಂಬ ಹೆಸರುಗಳು ಚೆನ್ನಾಗಿ ಒಪ್ಪುತ್ತವೆ. ಹೊಯ್ಸಳ ಅರಸರ ಪ್ರಾಣಕ್ಕೆ ತಮ್ಮ ಪ್ರಾಣವನ್ನೇ ಒತ್ತೆಯಿಟ್ಟ ಅಂಗರಕ್ಷಕರ ನೆನಪಿಗೆ ಟ್ಯಾಂಕ್‌ಗಳನ್ನು ಗರುಡರೆಂದು ಕರೆಯಬಹುದು. ಒಂದು ಎಚ್ಚರ ಮಾತ್ರ ಇರಲಿ: ಹಳ್ಳಿಯ ಚಾಕರಿಗಳಲ್ಲಿ ಹುಟ್ಟಿನಿಂದಲೇ ಕೆಲವರ ಮೇಲೆ ಹೇರಲಾಗಿದ್ದ ಹೆಸರುಗಳನ್ನು ಗಿಲ್ಡ್‌ನ ಕಡೆಯ ಪದವಿಗೆ ಇಡಬೇಡಿ. ಆ ಹೆಸರಿನ ನೋವು ತಿಳಿದವರು ನಿಮ್ಮ ಗಿಲ್ಡ್‌ನಲ್ಲೇ ಇರಬಹುದು. ನೀರುಗಂಟಿ ಎಂಬ ಹೆಸರನ್ನೂ ನಾವು ಆಫೀಸರ್ ಪದವಿಯಲ್ಲಿಯೇ, ಎಲ್ಲರ ಒಪ್ಪಿಗೆ ಪಡೆದೇ ಇಟ್ಟೆವು.

ಪದವಿ ಇಳಿಸಬೇಕಾದ ಸಂದರ್ಭವೂ ಬರುತ್ತದೆ. ಪರೀಕ್ಷೆ, ಮದುವೆ, ಕಬ್ಬು ಕಡಿಸುವ ಕೆಲಸ ಎಂದು ಮೊದಲೇ ಹೇಳಿ ಹೋದವರ ಪದವಿಯನ್ನು ಮುಟ್ಟಬೇಡಿ. ಅವರ ಹೊಣೆಯನ್ನು ಮಾತ್ರ ತಾತ್ಕಾಲಿಕವಾಗಿ ಬೇರೆಯವರಿಗೆ ವಹಿಸಿ. ತಪ್ಪಿಗಾಗಿ ಇಳಿಸುವುದಾದರೆ ಗಿಲ್ಡ್ ಮಾಸ್ಟರ್ ಮತ್ತು ಇನ್ನೊಬ್ಬ ಆಫೀಸರ್ ಕೂಡಿ ಆ ಸದಸ್ಯರೊಂದಿಗೆ ಮೊದಲು ಖಾಸಗಿಯಾಗಿ ಮಾತನಾಡಲಿ, ಆಮೇಲೆ ಕಾರಣವನ್ನು ಎರಡು ವಾಕ್ಯಗಳಲ್ಲಿ ಗಿಲ್ಡ್‌ಗೆ ತಿಳಿಸಲಿ. ನಮ್ಮ ಪೋಶನ್ ಪ್ರಸಂಗದಲ್ಲಿ ಹೀಗೆ ಮಾತನಾಡಿದ ಮೇಲೆ ಆ ಸದಸ್ಯರು ಬ್ಯಾಂಕಿನ ಹೊಣೆ ಬಿಟ್ಟುಕೊಟ್ಟು ಗಿಲ್ಡ್‌ನಲ್ಲೇ ಉಳಿದರು. ಈಗ ಹೊಸ ಹೀಲರ್‌ಗಳಿಗೆ ಕುಮ್ಕಿಯಾಗಿರುವವರು ಅವರೇ. ಗಿಲ್ಡ್ ಮಾಸ್ಟರ್ ತಾವೇ ಆಟ ಬಿಡುವುದಾದರೆ, ಆಟದೊಳಗಿನ ಗಿಲ್ಡ್‌ನ ನಾಯಕತ್ವ ಮತ್ತು ಡಿಸ್ಕಾರ್ಡ್ ಸರ್ವರ್‌ನ ಒಡೆತನ ಎರಡನ್ನೂ ಒಂದೇ ದಿನ, ಒಬ್ಬರಿಗೇ ವರ್ಗಾಯಿಸಿ ಹೋಗಬೇಕು. ಸರ್ವರ್‌ನ ಒಡೆಯರನ್ನು ಉಳಿದ ಯಾರೂ ತೆಗೆಯಲಾರರು, ಆದ್ದರಿಂದ ಈ ವರ್ಗಾವಣೆಯನ್ನು ಅವರು ಇರುವಾಗಲೇ, ಎಲ್ಲರೂ ಸೇರಿದ ಸಭೆಯಲ್ಲಿ ಮುಗಿಸಿಕೊಳ್ಳಿ.