ಮನೆ ನೋಡುವಾಗ ನಡಿಗೆಯನ್ನೂ ನೋಡಿ: ಕಲಬುರಗಿಯವರಿಗೆ ಒಂದಿಷ್ಟು ಸಲಹೆ

ಹಳೇ ಊರಿನ ಬ್ರಹ್ಮಪುರದಲ್ಲಿ ಇರುವಷ್ಟು ದಿನ ನಾನು ವಾಕಿಂಗ್ ಅಂತ ಹೋದವಳೇ ಅಲ್ಲ. ಗಿರಣಿಗೆ ಜೋಳ ಒಯ್ಯುವುದು, ಕಾಯಿಪಲ್ಲೆ, ಸೋಮವಾರ ಅಪ್ಪನ ಗುಡಿ (ಶರಣಬಸವೇಶ್ವರರ ಗುಡಿ), ತಂಗಿ ಮನೆ, ಎಲ್ಲಕ್ಕೂ ಕಾಲೇ ಗಾಡಿ. ಈಗ ರಿಂಗ್ ರೋಡಿನ ಆಚೆ ಇದ್ದೇನೆ. ಇಲ್ಲಿ ಕೊತ್ತಂಬರಿ ಬೇಕಾದರೂ ಮಂದಿ ಸ್ಕೂಟಿ ತೆಗೆಯುತ್ತಾರೆ. ಅವರನ್ನು ಸೋಮಾರಿಗಳು ಅಂತ ಬೈಯುವುದು ತಪ್ಪು. ನಡೆದು ಹೋಗಲು ಹತ್ತಿರದಲ್ಲಿ ಏನಾದರೂ ಇರಬೇಕಲ್ವಾ?

ಆದ್ದರಿಂದ ಮನೆ ನೋಡಲು ಹೋದಾಗ ಅಡುಗೆಮನೆ, ಬೋರ್‌ವೆಲ್ ನೋಡಿ ವಾಪಸ್ ಬರಬೇಡಿ. ಗೇಟಿನಿಂದ ಹೊರಟು ಹತ್ತು ನಿಮಿಷ ನಡೆಯಿರಿ. ಸಾಮಾನ್ಯ ವೇಗದಲ್ಲಿ ಸುಮಾರು 800 ಮೀಟರ್ ಆಗುತ್ತದೆ. ಅಷ್ಟರೊಳಗೆ ಕಿರಾಣಿ, ಹಿಟ್ಟಿನ ಗಿರಣಿ, ಔಷಧದ ಅಂಗಡಿ, ಸಿಟಿ ಬಸ್ ಸ್ಟಾಪ್ ಸಿಗುತ್ತವಾ ನೋಡಿ. ಒಂದೂ ಸಿಗದಿದ್ದರೆ ಆ ಮನೆಯಲ್ಲಿ ನಿಮ್ಮ ನಡಿಗೆ ನಿಲ್ಲುತ್ತದೆ, ಬರೆದಿಟ್ಟುಕೊಳ್ಳಿ. ಮೊಬೈಲಿನ ಮ್ಯಾಪ್ ನೋಡಿ ಹತ್ತಿರ ಅನ್ನಬೇಡಿ. ಹಳೇ ಊರಲ್ಲಿ ಒಂದು ಓಣಿ ಇನ್ನೊಂದಕ್ಕೆ ಕೂಡುತ್ತದೆ. ಲೇಔಟ್‌ಗಳಲ್ಲಿ ಹಾಗಲ್ಲ, ರಸ್ತೆ ಕಾಂಪೌಂಡಿಗೆ ಹೋಗಿ ನಿಲ್ಲುತ್ತದೆ. ಗೋಡೆಯಾಚೆ ಕಾಣುವ ಅಂಗಡಿಗೆ ಊರೆಲ್ಲ ಸುತ್ತಿ ಹೋಗಬೇಕು.

ಸಂಜೆ ಏಳರ ಮೇಲೆ ಒಮ್ಮೆ ಹೋಗಿ. ದೀಪ ಇದೆಯಾ, ನಾಯಿಗಳ ಕಾಟ ಎಷ್ಟು, ಹೆಣ್ಣುಮಕ್ಕಳು ಓಡಾಡುತ್ತಾರಾ ಅಂತ ಗೊತ್ತಾಗುತ್ತದೆ. ಮಳೆಯ ಮರುದಿನವೂ ಹೋಗಲೇಬೇಕು. ನಮ್ಮದು ಎರೆಮಣ್ಣು. ಡಾಂಬರು ಬೀಳದ ರಸ್ತೆಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಮಣ್ಣು ಮೆತ್ತಿ ಕಾಲು ಎತ್ತಲಾಗುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ನೆರಳು ನೋಡಿ. ಇಲ್ಲಿ ಬೇಸಿಗೆಯಲ್ಲಿ ಬಿಸಿಲು 42, 43 ಡಿಗ್ರಿ ದಾಟುತ್ತದೆ. ಹಳೇ ಓಣಿಗಳು ಇಕ್ಕಟ್ಟು, ಮನೆಗಳೇ ನೆರಳು ಕೊಡುತ್ತವೆ. ಉತ್ತರ-ದಕ್ಷಿಣವಾಗಿರುವ ಓಣಿಯಾದರೆ ಬೆಳಿಗ್ಗೆ ಪೂರ್ವದ ಮನೆಗಳ ಬದಿಗೆ, ಸಂಜೆ ಪಶ್ಚಿಮದ ಬದಿಗೆ ನಡೆಯಿರಿ. ಮೇ ಮೊದಲ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ಊರಿಗೆ ನೆತ್ತಿಯ ಮೇಲೇ ಇರುತ್ತಾನೆ, ಆಗ ಗೋಡೆಗೆ ನೆರಳೇ ಇಲ್ಲ. ಬೇವಿನ ಮರ ಒಂದೇ ಗತಿ. ಹೊಸ ಲೇಔಟ್‌ನ ಅಗಲ ರಸ್ತೆ, ಖಾಲಿ ಸೈಟುಗಳ ನಡುವೆ ಬೆಳಿಗ್ಗೆ ಒಂಬತ್ತಕ್ಕೇ ತಲೆ ಸುಡುತ್ತದೆ. ಅಲ್ಲಿರುವವರು ಏಳರೊಳಗೆ ನಡಿಗೆ ಮುಗಿಸುವುದು ಒಳ್ಳೆಯದು.

ಈಗಾಗಲೇ ಹೊರಗೆ ಮನೆ ಮಾಡಿದವರು ನಡಿಗೆಯನ್ನು ಒಂದು ಕೆಲಸಕ್ಕೆ ಕಟ್ಟಿಹಾಕಿ. ಸುಮ್ನೆ ಸುತ್ತುವುದು ನಾಲ್ಕು ದಿನಕ್ಕೆ ಬೇಸರ ಬರುತ್ತದೆ. ನಾನು ಒಂದೇ ಸಲ ಚೀಲಗಟ್ಟಲೆ ಜೋಳ ಬೀಸಿಸುವುದಿಲ್ಲ. ಕೈಯಲ್ಲಿ ಹಿಡಿಯುವಷ್ಟು ಒಯ್ಯುತ್ತೇನೆ, ರೊಟ್ಟಿಗೂ ಹೊಸ ಹಿಟ್ಟೇ ಚೆಂದ. ಪೇಟೆಗೆ ಸಿಟಿ ಬಸ್ಸಿನಲ್ಲೇ ಹೋಗಿ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲ. ಸ್ಟಾಪು ಹತ್ತು ನಿಮಿಷ ದೂರ ಇದ್ದು ವಾರಕ್ಕೆ ಆರು ದಿನ ಹೋಗಿ ಬಂದರೆ 120 ನಿಮಿಷ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, ಅದೂ ಸ್ವಲ್ಪ ಬಿರುಸಾಗಿ. ಉಳಿದ ಅರ್ಧ ತಾಸಿಗೆ ಭಾನುವಾರ ಅಪ್ಪನ ಕೆರೆ ಅಥವಾ ಪಬ್ಲಿಕ್ ಗಾರ್ಡನ್ ಇದೆ.

ದಾರಿಯಲ್ಲಿ ಗುರುತಿನ ಹುಡುಗರು ಬೈಕ್ ನಿಲ್ಲಿಸಿ, "ಯಾಕ್ರೀ ಅಕ್ಕಾರ, ನಡಕೋತ ಹೊಂಟೀರಿ? ಕೂಡ್ರಿ, ಬಿಡ್ತೀನಿ" ಅನ್ನುತ್ತಾರೆ. ಪ್ರೀತಿಯಿಂದಲೇ ಕರೆಯುತ್ತಾರೆ. "ಇರಲಿ ತಮ್ಮಾ, ನಡೀಲಾಕೇ ಬಂದೀನಿ" ಅನ್ನಿ. ನಾಲ್ಕು ಸಲ ಹೇಳಿದರೆ ಆಮೇಲೆ ಕೈ ಬೀಸಿ ಮುಂದೆ ಹೋಗುತ್ತಾರೆ.

ದಾರಿಗೆ ಗೋಡೆ ಅಡ್ಡ ಇದ್ದರೆ ಎರಡೂ ಲೇಔಟ್‌ನವರು ಕೂಡಿ ಕುಳಿತು ಮಾತಾಡಿ. ಸಣ್ಣ ಗೇಟು ಸಾಕು, ಬೈಕ್ ನುಗ್ಗದಷ್ಟು ಇಕ್ಕಟ್ಟಾಗಿರಲಿ. ಕಳ್ಳರ ಭಯ ಇರುವವರಿಗೆ ರಾತ್ರಿ ಹತ್ತಕ್ಕೆ ಬೀಗ ಹಾಕುವುದಾಗಿ ಹೇಳಿ, ಕೀಲಿ ಯಾರ ಮನೆಯಲ್ಲಿ ಇರಬೇಕು ಅನ್ನುವುದನ್ನು ಅವತ್ತೇ ತೀರ್ಮಾನ ಮಾಡಿ.