ಶುಗರ್ ಇದ್ದೋರು ದಿನಾ ಸಂಜಿ ಕಾಲು ನೋಡ್ಕೊಳ್ಳೋದು ಹೆಂಗ

ನಮ್ಮಪ್ಪಗ ಶುಗರ್ ಬಂದು 14 ವರ್ಷ ಆತು. ಹೋದ ಬ್ಯಾಸಿಗ್ಯಾಗ ಅಂಜನಾದ್ರಿ ಹತ್ತಿ ಇಳಿದ್ರು, 575 ಮೆಟ್ಟಿಲು, ಮಧ್ಯಾಹ್ನ ಹನ್ನೆರಡರ ಬಿಸಿಲು, ಬರಿಗಾಲು. ನಾವೆಲ್ಲಾ ಕುಣ್ಕೊಂತ ನೆರಳಿದ್ದಲ್ಲಿಗೆ ಓಡ್ತಿದ್ರ ಅವ್ರು ಮಾತ್ರ ಆರಾಮ ನಡ್ಕೊಂತ ಬಂದ್ರು, "ನಿಮಗ ರೂಢಿಲ್ಲ, ನಾವು ಹೊಲದಾಗ ಬೆಳದೋರು" ಅಂತ ನಕ್ರು ಬ್ಯಾರೆ. ಮರುದಿನ ಹಾಸಿಗಿ ಮ್ಯಾಲ ಒದ್ದಿ ಕಲಿ ಕಂಡು ಅವ್ವ ಅಂಗಾಲು ತಿರುಗಿಸಿ ನೋಡಿದ್ರ ಹೆಬ್ಬಟ್ಟಿನ ಬುಡಕ್ಕ ರೂಪಾಯಿ ಅಗಲ ಗುಳ್ಳಿ ಎದ್ದು ಒಡೆದೂ ಹೋಗಿತ್ತು. ನೋವಾಗ್ಲಿಲ್ಲೇನ್ರಿ ಅಂದ್ರ ಇಲ್ಲ ಅಂದ್ರು. ಆ ಗಾಯ ಮಾಯಾಕ ಎರಡೂವರೆ ತಿಂಗಳು ಹಿಡೀತು.

ಅವತ್ತು ನನಗ ತಿಳಿದಿದ್ದು ಇಷ್ಟ, ಶುಗರ್ ಇದ್ದೋರಿಗೆ ಕಾಲು ನೋಯ್ತಿಲ್ಲ ಅನ್ನೋದು ಖುಷಿ ಪಡೋ ಸುದ್ದಿ ಅಲ್ಲ. ವರ್ಷಾನುಗಟ್ಟಲೆ ಶುಗರ್ ಜಾಸ್ತಿ ಇದ್ರ ನರ ಕೆಡ್ತಾವ, ಅದೂ ಬೆರಳ ತುದಿಯಿಂದ ಶುರು ಆಗಿ ಮ್ಯಾಲಕ್ಕ ಬರ್ತೈತಿ. ಕಾಲಿಗೆ ಹೋಗೋ ರಕ್ತನಾಳಾನೂ ಸಣ್ಣ ಆಗ್ತಾವ, ಹಿಂಗಾಗಿ ಗಾಯ ಆಗಿದ್ದು ಗೊತ್ತಾಗಲ್ಲ, ಗೊತ್ತಾದ್ ಮ್ಯಾಲ ಜಲ್ದಿ ಮಾಯಲ್ಲ. ಬೀಡಿ ಸಿಗರೇಟ್ ಬ್ಯಾರೆ ಇದ್ರ ಕೇಳಬ್ಯಾಡ್ರಿ, ಕೆಟ್ಟ ರಕ್ತನಾಳನ ಇನ್ನಷ್ಟು ಕೆಡಿಸ್ತೈತಿ.

ಮೊದಲು ಕಾಲಿಗೆ ಸ್ಪರ್ಶ ಎಷ್ಟು ಉಳದೈತಿ ಮನಿಯಾಗ ನೋಡ್ರಿ. ಅವ್ರಿಗೆ ಕಣ್ಣು ಮುಚ್ಚಾಕ ಹೇಳ್ರಿ, ನೀವು ತೋರುಬೆರಳ ತುದಿಯಿಂದ ಎರಡೂ ಕಾಲಿನ ಹೆಬ್ಬೆರಳು, ನಡುವಿನ ಬೆರಳು, ಕಿರುಬೆರಳ ತುದಿ ಹಗೂರ್ಕ ಒಂದೆರಡು ಸೆಕೆಂಡು ಮುಟ್ರಿ. ಒತ್ತಬಾರ್ದು, ಕಚಗುಳಿನೂ ಇಡಬಾರ್ದು, "ಈಗ ಮುಟ್ಟೇನಿ ನೋಡು" ಅಂತನೂ ಹೇಳಬಾರ್ದು. ಮುಟ್ಟಿದ್ದು ತಿಳಿದಾಗ ಎಡ ಇಲ್ಲ ಬಲ ಅಂತ ಅವ್ರೇ ಹೇಳಬೇಕು. ಆರರಾಗ ಎರಡು ಅಥವಾ ಅದಕ್ಕಿಂತ ಜಾಸ್ತಿ ತಿಳೀಲಿಲ್ಲ ಅಂದ್ರ ಸ್ಪರ್ಶ ಕಡಿಮಿ ಆಗೈತಿ, ಡಾಕ್ಟ್ರಿಗೆ ತೋರಿಸ್ರಿ. ನಮ್ಮಪ್ಪಗ ಆರರಾಗ ಎರಡೇ ತಿಳಿದಿದ್ದು, ನಂಬಲೇ ಇಲ್ಲ, ಮತ್ತೊಮ್ಮಿ ಮುಟ್ಟಿಸ್ಕೊಂಡ್ರು.

ಇನ್ನ ದಿನದ ಕೆಲಸ. ಟೈಮು ಸಂಜಿನೇ ಇರ್ಲಿ, ಹೊಲ ಅಂಗಡಿ ಎಲ್ಲಾ ಮುಗಿಸಿ ಬಂದು ಕಾಲು ತೊಳೆದಾಗ. ನೀರು ಉಗುರುಬೆಚ್ಚಗಿರಬೇಕು, ಬಿಸಿ ನೋಡೋದು ಮೊಣಕೈಯಿಂದ, ಕಾಲಿಂದ ಅಲ್ಲ, ಯಾಕಂದ್ರ ಕಾಲು ಸುಳ್ಳು ಹೇಳ್ತೈತಿ. ಉಪ್ಪು ಹಾಕಿದ ಬಿಸಿನೀರಾಗ ಅರ್ಧ ತಾಸು ಕಾಲು ಇಟ್ಕೊಂಡು ಕೂಡೋ ಚಟ ಬಾಳ ಮಂದಿಗೈತಿ, ಅದು ಬಿಡ್ರಿ. ತೊಳೆದು ಒರೆಸೋವಾಗ ಬೆರಳ ಸಂದಿಗೆ ಬಟ್ಟಿ ಹಾಕಿ ಒಣಗಿಸ್ರಿ, ಗಂಗಾವತಿ ಸಿಂಧನೂರು ಕಡೆ ಭತ್ತದ ಗದ್ದಿಯಾಗ ಕೆಲಸ ಮಾಡೋರಿಗೆ ಅಲ್ಲೇ ಬೆಳ್ಳಗ ಬೆಂದಂಗ ಆಗಿ ಸೀಳು ಬಿಡೋದು. ಹಿಮ್ಮಡಿಗೆ ಕೊಬ್ಬರಿ ಎಣ್ಣಿ ಇಲ್ಲ ವ್ಯಾಸಲೀನ್ ಹಚ್ರಿ, ಸಂದಿಗೆ ಮಾತ್ರ ಬ್ಯಾಡ. ಆಮ್ಯಾಲ ಲೈಟ್ ಹಾಕ್ಕೊಂಡು ಅಂಗಾಲು, ಹಿಮ್ಮಡಿ, ಬೆರಳ ಸಂದಿ ನೋಡ್ರಿ: ಗುಳ್ಳಿ, ಬಿರುಕು, ಕೆಂಪು, ಮುಳ್ಳು, ಬಣ್ಣ ಬದಲಾಗಿದ್ದು. ಬಗ್ಗಾಕ ಆಗದಿದ್ರ ನೆಲದ ಮ್ಯಾಲ ಕನ್ನಡಿ ಇಟ್ಟು ಅದರ ಮ್ಯಾಲ ಕಾಲು ಹಿಡೀರಿ, ಕಣ್ಣು ಮಂಜಿದ್ರ ಮೊಮ್ಮಕ್ಕಳ ಕೈಯಾಗ ನೋಡಿಸ್ರಿ.

ಚಪ್ಪಲಿ ವಿಷಯ ಸ್ವಲ್ಪ ಉದ್ದ ಹೇಳ್ತೀನಿ. ನಮ್ಮ ಕಡೆ ದಾರಿ ತುಂಬ ಬಳ್ಳಾರಿ ಜಾಲಿ, ಅದರ ಮುಳ್ಳು ಹವಾಯಿ ಚಪ್ಪಲಿ ತೂರ್ಕೊಂಡು ಬರ್ತೈತಿ, ನಮಗಾದ್ರ ಚುಚ್ಚಿದ ಕೂಡ್ಲೇ ಅಯ್ಯೋ ಅಂತೀವಿ, ಸ್ಪರ್ಶ ಇಲ್ಲದೋರು ಆ ಮುಳ್ಳು ಸಮೇತ ಊರೆಲ್ಲಾ ಅಡ್ಡಾಡಿ ಬರ್ತಾರ. ಅಪ್ಪನ ಹಳೇ ಚಪ್ಪಲಿ ಮಡಿಚಿ ನೋಡಿದ್ರ ಒಳಗ ಮೂರು ಮುರಿದ ಮುಳ್ಳು ಇದ್ವು. ಅದಕ್ಕ ಹಾಕ್ಕೊಳ್ಳೋಕ್ಕಿಂತ ಮೊದಲು ಪ್ರತಿ ಸಲ ಝಾಡಿಸಿ ಒಳಗ ಕೈ ಆಡಿಸ್ರಿ. ಬೆರಳ ಸಂದಿಗೆ ಪಟ್ಟಿ ಬರೋದು ಬ್ಯಾಡ, ಹಿಂದ ಪಟ್ಟಿ ಇರೋದು, ಒಳಗ ಮೆತ್ತಗ, ಕೆಳಗ ಗಟ್ಟಿ ಇರೋದು ತಗೋರಿ, ಎಂಸಿಆರ್ ಚಪ್ಪಲಿ ಅಂದ್ರ ಅಂಗಡಿಯೋರಿಗೆ ತಿಳೀತೈತಿ. ಕೊಳ್ಳಾಕ ಸಂಜಿಗೇ ಹೋಗ್ರಿ, ಆ ಹೊತ್ತಿಗೆ ಕಾಲು ಬಾತಿರ್ತೈತಿ. ಮನಿ ಒಳಗೂ ಒಂದು ಜೋಡಿ ಇರ್ಲಿ, ಬಚ್ಚಲಿಗೆ ಬರಿಗಾಲು ಬ್ಯಾಡ. ಗುಡಿಗೆ ಹೋಗೋದಿದ್ರ ಬಿಸಿಲೇರೋ ಮುಂಚೆ ದಪ್ಪನ ಬಿಳಿ ಸಾಕ್ಸ್ ಹಾಕ್ಕೊಂಡು ಹೋಗ್ರಿ, ಬಿಳಿ ಯಾಕಂದ್ರ ರಕ್ತ ಬಂದ್ರ ಕಾಣ್ತೈತಿ. ದೇವ್ರೇನು ಬ್ಯಾಡ ಅನ್ನಲ್ಲ.

ಉಗುರು ನೆಟ್ಟಗ ಕತ್ತರಿಸ್ರಿ, ಮೂಲಿ ಒಳಗ ಕೊರೀಬ್ಯಾಡ್ರಿ. ಆಣಿ ಆದ್ರ ಬ್ಲೇಡ್ ಹಿಡೀಬಾರ್ದು, ಮೆಡಿಕಲ್ ಶಾಪ್‌ನಾಗ ಸಿಗೋ ಆಣಿ ಪಟ್ಟಿನೂ ಬ್ಯಾಡ, ಅದರಾಗ ಆಸಿಡ್ ಇರ್ತೈತಿ.

ಗಾಯ ಆತು ಅಂದ್ರ ಹರಿಯೋ ಶುದ್ಧ ನೀರಾಗ ತೊಳೆದು ಸ್ವಚ್ಛ ಗಾಜ್ ಇಟ್ಟು ಸಡಿಲ ಕಟ್ರಿ, ಆ ಕಾಲಿನ ಮ್ಯಾಲ ಭಾರ ಹಾಕಬ್ಯಾಡ್ರಿ. ಸುಣ್ಣ, ತಂಬಾಕು, ಅರಿಷಿಣ, ಯಾರೋ ಕೊಟ್ಟ ಸೊಪ್ಪಿನ ರಸ ಏನೂ ಬ್ಯಾಡ. ಎಷ್ಟೇ ಸಣ್ಣದಿದ್ರೂ ಒಂದೆರಡು ದಿನದೊಳಗ ತೋರಿಸ್ರಿ. ಸುತ್ತ ಕೆಂಪು ಹರಡಿದ್ರ, ಕೀವು, ವಾಸನಿ, ಜ್ವರ ಬಂದ್ರ ಇಲ್ಲ ಕಪ್ಪಾದ್ರ ಅವತ್ತೇ ದೊಡ್ಡಾಸ್ಪತ್ರಿಗೆ ಹೊಂಡ್ರಿ, ಸೋಮವಾರ ನೋಡೋಣ ಅನ್ನಬ್ಯಾಡ್ರಿ. ರಾಯಚೂರಾಗ ರಿಮ್ಸ್, ಕೊಪ್ಪಳದಾಗ ಕಿಮ್ಸ್, ಬಳ್ಳಾರಿಯಾಗ ಮಂದಿ ಇನ್ನೂ ವಿಮ್ಸ್ ಅಂತಾರಲ್ಲ ಅದು. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತನೂ ಹೇಳ್ರಿ.

ಕಾಲು ಒಂದೇ ನೋಡ್ಕೊಂಡ್ರ ಸಾಲಲ್ಲ ಖರೆ. ವರ್ಷಕ್ಕೊಮ್ಮಿ ಕಣ್ಣಿಗೆ ಡ್ರಾಪ್ಸ್ ಹಾಕಿ ಹಿಂದಿನ ಪರದಿ ನೋಡಿಸ್ರಿ, ಅವತ್ತು ಬೈಕ್ ನೀವು ಓಡಿಸಬ್ಯಾಡ್ರಿ, ಮಂಜಾಗಿರ್ತೈತಿ. ಕಿಡ್ನಿಗೆ ಉಚ್ಚಿಯಾಗ ಆಲ್ಬುಮಿನ್, ರಕ್ತದಾಗ ಕ್ರಿಯಾಟಿನಿನ್, ಅದೂ ವರ್ಷಕ್ಕೊಮ್ಮಿ. ಮಂಡಿನೋವು ಅಂತ ದಿನಾ ಪೇನ್‌ಕಿಲ್ಲರ್ ನುಂಗೋದು ಕಿಡ್ನಿಗೆ ಕೆಟ್ಟದ್ದು. ಬಿಪಿ 130/80ರ ಕೆಳಗ, ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟ್ ಎಚ್‌ಬಿಎ1ಸಿ 7ರ ಒಳಗ ಅಂತ ಸಾಮಾನ್ಯವಾಗಿ ಹೇಳ್ತಾರ, ವಯಸ್ಸಾದೋರಿಗೆ ಡಾಕ್ಟ್ರು ಸ್ವಲ್ಪ ಸಡಿಲ ಬಿಡ್ತಾರ. ಜ್ವಾಳದ ರೊಟ್ಟಿಗೆ ಶುಗರ್ ಏರಲ್ಲ ಅಂತ ನಾಲ್ಕು ಹೊಡಿಯೋದು, ಸಂಜಿಗೆ ಒಗ್ಗರಣಿ ಮಂಡಕ್ಕಿ ಮಿರ್ಚಿ, ಅದಕ್ಕೆಲ್ಲ ಏರ್ತೈತ್ರಿ. ರೊಟ್ಟಿ ಕಡಿಮಿ ಮಾಡಿ ಪಲ್ಯ ಕಾಳು ಜಾಸ್ತಿ ಮಾಡ್ರಿ.

ಇನ್ಸುಲಿನ್ ತಗೊಳ್ಳೋರು, ಕೆಲವು ಮಾತ್ರಿ ತಗೊಳ್ಳೋರು ಇನ್ನೊಂದು ಗಮನ ಇಡ್ರಿ. ನಮ್ಮ ಬಿಸಿಲಾಗ ಬೆವರು ಕಾಮನ್, ಹಂಗಾಗಿ ಶುಗರ್ ಇಳಿದು ಬೆವರಿದ್ರೂ ಬಿಸಿಲಿಗೆ ಅಂದ್ಕೊಂತಾರ. ಕೈ ನಡುಗಿ ತಲಿ ತಿರುಗಿದ್ರ ಚೆಕ್ ಮಾಡ್ರಿ, 70ರ ಕೆಳಗಿದ್ರ ಮೂರು ಚಮಚ ಸಕ್ಕರಿ ನೀರಾಗ ಕದಡಿ ಕುಡೀರಿ, 15 ನಿಮಿಷಕ್ಕ ಮತ್ತ ನೋಡ್ರಿ, ಮಿಷಿನ್ ಇಲ್ಲದಿದ್ರ ಕಾಯ್ಕೊಂತ ಕೂಡದೇ ಸಕ್ಕರಿ ನೀರು ಕುಡೀರಿ. ಎಚ್ಚರ ತಪ್ಪಿದೋರ ಬಾಯಿಗೆ ಏನೂ ಹಾಕಬ್ಯಾಡ್ರಿ, ಆಸ್ಪತ್ರಿಗೆ ಒಯ್ರಿ.

ಕೊನಿಗೆ ಡಾಕ್ಟ್ರ ರೂಮಿನಾಗ ಏನು ಮಾಡಬೇಕು ಅಂದ್ರ, ಅವ್ರಿಗೆ ಟೈಮಿರಲ್ಲ, ರಿಪೋರ್ಟ್ ನೋಡಿ ಮಾತ್ರಿ ಬರೀತಾರ, ಕಾಲು ತೋರಿಸು ಅಂತ ಎಲ್ಲಾರೂ ಕೇಳಲ್ಲ. ನಮ್ಮಪ್ಪ ಈಗ ಒಳಗ ಹೋಗಿ ಕುಂತ ಕೂಡ್ಲೇ ಯಾರೂ ಕೇಳೋಕ್ಕಿಂತ ಮೊದಲ ಸಾಕ್ಸ್ ಬಿಚ್ಚಿ ಜೇಬಿಗೆ ಇಟ್ಕೊಂತಾರ.