ಗೋಧಿ ಡಬ್ಬ ಈಗಲೇ ಖಾಲಿ ಮಾಡಬೇಡಿ

ಮಗುವಿಗೆ ಸೀಲಿಯಾಕ್ (ಗೋಧಿಯಂಥ ಧಾನ್ಯ ತಿಂದರೆ ಕರುಳು ಕೆಡುವ ಕಾಯಿಲೆ) ಇರಬಹುದು, ಒಂದು ರಕ್ತ ಪರೀಕ್ಷೆ ಮಾಡಿಸಿ ಅಂತ ಡಾಕ್ಟರು ಬರೆದುಕೊಟ್ಟ ದಿನ ಮನೆಯಲ್ಲಿ ಏನಾಗುತ್ತೆ ಅಂತ ನಾನು ನೋಡಿದ್ದೀನಿ. ತಾಯಿ ಆಟೋದಲ್ಲೇ ಫೋನು ತೆಗೆದು ಓದುತ್ತಾಳೆ. ಗೋಧಿ ಅಂದರೆ ವಿಷ ಅಂತ ಎಲ್ಲೋ ಬರೆದಿರುತ್ತೆ. ಮನೆಗೆ ಬಂದವಳೇ ಚಪಾತಿ ಹಿಟ್ಟು, ರವೆ, ಶ್ಯಾವಿಗೆ, ಬಿಸ್ಕತ್ತು ಎಲ್ಲ ಚೀಲಕ್ಕೆ ತುಂಬಿ ಪಕ್ಕದ ಮನೆಗೆ ಕೊಟ್ಟುಬಿಡುತ್ತಾಳೆ. ಮಗುವಿನ ಮೇಲಿನ ಆಸೆಯಿಂದಲೇ ಮಾಡುವುದು, ಗೊತ್ತು. ಆದರೂ ಹೇಳ್ತೀನಿ, ಪರೀಕ್ಷೆ ಮುಗಿಯುವ ತನಕ ಮಗುವಿನ ತಟ್ಟೆಯಿಂದ ಗೋಧಿ ತೆಗೆಯಬೇಡಿ.

ಕಾರಣ ಸರಳ. ಗೋಧಿ, ಬಾರ್ಲಿ, ರೈ ಈ ಮೂರರಲ್ಲಿ ಗ್ಲುಟೆನ್ ಅನ್ನೋ ಒಂದು ಪ್ರೋಟೀನ್ ಇದೆ. ಈ ಕಾಯಿಲೆ ಇರುವ ಮಗುವಿನ ಮೈ ಅದರ ಮೇಲೆ ಜಗಳಕ್ಕೆ ಹೋಗಿ ತನ್ನ ಕರುಳನ್ನೇ ಹಾಳು ಮಾಡಿಕೊಳ್ಳುತ್ತೆ. ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲ್ಲಿನ ಥರ, ಮೇಲೆಲ್ಲ ಸಣ್ಣ ಸಣ್ಣ ಎಳೆ. ಆ ಎಳೆಗಳು ಸವೆದುಹೋದರೆ ಎಷ್ಟು ತುಪ್ಪ ಹಾಕಿ ಉಣಿಸಿದರೂ ಮೈಗೆ ಹತ್ತುವುದಿಲ್ಲ. ರಕ್ತದಲ್ಲಿ ಡಾಕ್ಟರು ಹುಡುಕುವುದು ಈ ಜಗಳದ ಗುರುತನ್ನು. ಗೋಧಿ ನಿಲ್ಲಿಸಿದರೆ ಜಗಳ ನಿಲ್ಲುತ್ತೆ, ಗುರುತು ಅಳಿಸಿಹೋಗುತ್ತೆ, ಕರುಳು ನಿಧಾನವಾಗಿ ಸರಿಹೋಗುತ್ತೆ. ಆಮೇಲೆ ಯಾವ ಲ್ಯಾಬಿಗೆ ಹೋದರೂ ರಿಪೋರ್ಟು ನಾರ್ಮಲ್ ಅಂತಲೇ ಬರಬಹುದು. ಆಗ ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಿ ಪರೀಕ್ಷೆ ಮಾಡಬೇಕು. 5 ವರ್ಷದೊಳಗಿನ ಮಕ್ಕಳಿಗೆ ಹಾಗೆ ಮಾಡಲು ತಜ್ಞರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೆಳೆಯುವ ವಯಸ್ಸಲ್ಲವೇ? ಹೀಗಾಗಿ ಒಂದೂವರೆ ವರ್ಷದ ಕೂಸು ಶಾಲೆಗೆ ಹೋಗುವವರೆಗೂ ‘ಇರಬಹುದು, ಇಲ್ಲದಿರಬಹುದು’ ಅನ್ನೋದರಲ್ಲೇ ಕಾಲ ಕಳೆಯಬೇಕಾಗುತ್ತೆ. ಮಗು ತೀರಾ ಸೊರಗಿದ್ದರೆ, ವಾಂತಿ ಭೇದಿಯಿಂದ ಬಳಲಿದ್ದರೆ ಮಾತು ಬೇರೆ. ಕಾಯದೆ ಅವತ್ತೇ ಆಸ್ಪತ್ರೆಗೆ ಓಡಿ, ರಕ್ತ ಅಲ್ಲೇ ತೆಗೆಯುತ್ತಾರೆ, ಮುಂದಿನದನ್ನು ಡಾಕ್ಟರು ನಿರ್ಧರಿಸುತ್ತಾರೆ.

ನಮ್ಮ ಕಡೆಯ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಎಷ್ಟೋ ಮಕ್ಕಳು ಬೆಳಗ್ಗೆ ರಾಗಿ ಸರಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಮೊಸರನ್ನ ತಿಂದೇ ಬೆಳೆಯುತ್ತವೆ. ಗೋಧಿ ಅಂದರೆ ಯಾವಾಗಲೋ ಅರ್ಧ ಬಿಸ್ಕತ್ತು. ಅಂಥ ಮಗುವಿನ ರಕ್ತದಲ್ಲಿ ಏನೂ ಕಾಣದಿದ್ದರೆ ಕಾಯಿಲೆ ಇಲ್ಲ ಅಂತ ಅರ್ಥವೋ, ಗೋಧಿಯೇ ಹೋಗಿಲ್ಲ ಅಂತ ಅರ್ಥವೋ? ಅದಕ್ಕೇ ಮಗು ದಿನಕ್ಕೆ ಏನೇನು ತಿನ್ನುತ್ತೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ, ಪರೀಕ್ಷೆಗೆ ಮುಂಚೆ ಎಷ್ಟು ದಿನ, ಎಷ್ಟು ಚಪಾತಿಯೋ ಉಪ್ಪಿಟ್ಟೋ ಕೊಡಬೇಕು ಅಂತ ಅವರ ಬಾಯಲ್ಲೇ ಕೇಳಿಕೊಳ್ಳಿ. ಅಡುಗೆಮನೆಯ ಕ್ಯಾಲೆಂಡರಿನ ತಾರೀಖಿನ ಚೌಕದಲ್ಲೇ ತಿಂದದ್ದು, ಕಕ್ಕ ಹೇಗಿತ್ತು, ಎಷ್ಟು ಸಲ, ಹೊಟ್ಟೆ ಉಬ್ಬಿತ್ತಾ ಅಂತ ಗುರುತು ಹಾಕಿ. ಡಾಕ್ಟರ ಮುಂದೆ ಕೂತಾಗ ಗಂಡನಿಗೆ ಒಂದು ನೆನಪು, ಅತ್ತೆಗೆ ಒಂದು ನೆನಪು ಆಗುವುದು ಬೇಡ.

ಯಾವಾಗ ಅನುಮಾನ ಪಡಬೇಕು ಅಂದರೆ, ವಾರಗಟ್ಟಲೆ ನಿಲ್ಲದ ಭೇದಿ, ಬಿಳಿಚಿಕೊಂಡ, ರಾಶಿಯಾಗಿ ಆಗುವ, ವಿಪರೀತ ನಾರುವ ಕಕ್ಕ, ಕೈಕಾಲು ಕಡ್ಡಿ ಆಗಿ ಹೊಟ್ಟೆ ಮಾತ್ರ ಮುಂದಕ್ಕೆ ಬರುವುದು, ಕುಂಡೆಯ ಮಾಂಸ ಕರಗಿ ಚರ್ಮ ಜೋತಾಡುವುದು, ಸದಾ ರಚ್ಚೆ. ಕೆಲವು ಮಕ್ಕಳಿಗೆ ಇದಕ್ಕೆ ತಿರುಗಾ ಮಲಬದ್ಧತೆ. ಕಬ್ಬಿಣದ ಟಾನಿಕ್ಕು ತಿಂಗಳುಗಟ್ಟಲೆ ಕೊಟ್ಟರೂ ಏರದ ಹಿಮೋಗ್ಲೋಬಿನ್ನೂ ಒಂದು ಸುಳಿವು. ಹಿಂದೆ ಇಂಥ ಕೂಸನ್ನು ಬಾಲಗ್ರಹ ಅಂತ ಹೇಳಿ ತಾಯತ ಕಟ್ಟುತ್ತಿದ್ದರು. ದೃಷ್ಟಿ ತೆಗೆಯಬೇಕು ಅನ್ನಿಸಿದರೆ ತೆಗೆಯಿರಿ, ಅದರಿಂದ ನಷ್ಟವಿಲ್ಲ. ಜೊತೆಗೆ ತೂಕದ ಕಾರ್ಡು ನೋಡಿ. ಗೆರೆ ಮೇಲೆ ಹೋಗುವುದು ಬಿಟ್ಟು ಚಪ್ಪಟೆಯಾಗಿದ್ದರೆ ಇನ್ನು ತಡ ಮಾಡಬೇಡಿ.

ಹಾಗಂತ ಭೇದಿ ಎಲ್ಲ ಸೀಲಿಯಾಕ್ ಅಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ 1.23 ಜನರಲ್ಲಿ ಈ ಕಾಯಿಲೆ ಕಂಡರೆ, ದಕ್ಷಿಣದಲ್ಲಿ ಕಂಡದ್ದು ಬರೀ 0.10. ಗೋಧಿ ತಿನ್ನುವ ಪ್ರಮಾಣದ ವ್ಯತ್ಯಾಸ ಇದಕ್ಕೆ ಒಂದು ಕಾರಣ ಅಂತಾರೆ. ನಮ್ಮ ಕಡೆ ಮಕ್ಕಳಿಗೆ ಜಿಯಾರ್ಡಿಯಾ ಅನ್ನೋ ಕ್ರಿಮಿ, ಹಸುವಿನ ಹಾಲಿನ ಅಲರ್ಜಿ, ಜೋರು ಭೇದಿ ಆದಮೇಲೆ ಕೆಲವು ದಿನ ಹಾಲು ಒಗ್ಗದಿರುವುದು, ಇವೂ ಇಂಥದ್ದೇ ಲಕ್ಷಣ ತೋರಿಸುತ್ತವೆ. ಆದರೆ ನಮ್ಮೂರೇನು ಬರೀ ನಮ್ಮೂರಾಗಿ ಉಳಿದಿದೆಯೇ! ಎದುರು ಮನೆಗೆ ಪಂಜಾಬಿನ ಸೊಸೆ ಬಂದಿದ್ದಾಳೆ, ನಮ್ಮ ಮನೆಗಳಲ್ಲೂ ರಾತ್ರಿ ಚಪಾತಿ ಕಾಯಂ ಆಗಿದೆ. ‘ಸೌತ್‌ನವರಿಗೆ ಇದು ಬರಲ್ಲ’ ಅಂತ ಯಾರಾದರೂ ಹೇಳಿದರೆ ಒಪ್ಪಿಕೊಂಡು ಎದ್ದು ಬರಬೇಡಿ. ಮನೆಯಲ್ಲಿ ಯಾರಿಗಾದರೂ ಸೀಲಿಯಾಕ್ ಇದ್ದರೆ, ಮಗುವಿಗೆ ಟೈಪ್ 1 ಸಕ್ಕರೆ ಕಾಯಿಲೆಯೋ ಡೌನ್ ಸಿಂಡ್ರೋಮೋ ಇದ್ದರೆ ಅದನ್ನು ಮೊದಲೇ ಹೇಳಿ.

ರಕ್ತ ಪರೀಕ್ಷೆಯ ಹೆಸರು ಟಿಟಿಜಿ ಐಜಿಎ. ಐಜಿಎ ಅಂದರೆ ಮೈಯನ್ನು ಕಾಯುವ ಒಂದು ಬಗೆಯ ಪ್ರತಿಕಾಯ. ಪರೀಕ್ಷೆಯ ಜೊತೆ ಒಟ್ಟು ಐಜಿಎ ಎಷ್ಟಿದೆ ಅಂತಲೂ ನೋಡಬೇಕು, ಯಾಕೆಂದರೆ ಕೆಲವರಿಗೆ ಹುಟ್ಟಿನಿಂದಲೇ ಐಜಿಎ ಕಮ್ಮಿ ಇರುತ್ತೆ, ಆಗ ಮೊದಲನೆಯ ಪರೀಕ್ಷೆ ಸುಳ್ಳು ಸಮಾಧಾನ ಕೊಡುತ್ತೆ. ಚೀಟಿಯಲ್ಲಿ ಎರಡೂ ಇದೆಯಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಟಿಟಿಜಿ ಏರಿದ್ದರೆ ಮಕ್ಕಳ ಹೊಟ್ಟೆ ಕರುಳಿನ ತಜ್ಞರ ಹತ್ತಿರ ಕಳಿಸುತ್ತಾರೆ. ಅವರು ಎಂಡೋಸ್ಕೋಪಿ ಮಾಡಿ, ಅಂದರೆ ಬಾಯಿಂದ ಕ್ಯಾಮೆರಾ ಇರುವ ತೆಳು ಕೊಳವೆ ಇಳಿಸಿ, ಕರುಳಿನಿಂದ ಅಕ್ಕಿಕಾಳಿಗಿಂತ ಸಣ್ಣ ಚೂರುಗಳನ್ನು ತೆಗೆದು ನೋಡುವುದು ವಾಡಿಕೆ. ಮಗುವಿಗೆ ಮಂಪರು ಕೊಟ್ಟು ಮಾಡುತ್ತಾರೆ, ನೋವು ಗೊತ್ತಾಗುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕಾಯಿಸುವುದೇ ದೊಡ್ಡ ಕಷ್ಟ, ಬೆಳಗಿನ ಮೊದಲ ಸಮಯ ಕೇಳಿ ಪಡೆಯಿರಿ. ಎಲ್ಲ ಮಕ್ಕಳಿಗೂ ಇದು ಬೇಕಾಗುವುದೂ ಇಲ್ಲ. ಟಿಟಿಜಿ ಮಿತಿಗಿಂತ 10 ಪಟ್ಟು ಅಥವಾ ಅದಕ್ಕೂ ಮೇಲಿದ್ದು, ಇನ್ನೊಮ್ಮೆ ತೆಗೆದ ರಕ್ತದಲ್ಲಿ ಇಎಂಎ ಅನ್ನೋ ಇನ್ನೊಂದು ಪರೀಕ್ಷೆಯೂ ಹೌದು ಅಂದರೆ ಎಂಡೋಸ್ಕೋಪಿ ಬಿಡಬಹುದು ಅಂತ ಯುರೋಪಿನ ಮಕ್ಕಳ ತಜ್ಞರ 2020ರ ಮಾರ್ಗಸೂಚಿ ಹೇಳುತ್ತೆ. ನಿಮ್ಮ ಡಾಕ್ಟರು ಯಾವ ದಾರಿ ಹಿಡಿಯುತ್ತಾರೆ, ಯಾಕೆ ಅಂತ ಕೇಳಿ ತಿಳಿದುಕೊಳ್ಳಿ. ಇನ್ನು ಮನೆಗೇ ಬಂದು ರಕ್ತ ತಗೊಂಡು ಇನ್ನೂರು ತಿಂಡಿಗೆ ಒಗ್ಗುತ್ತೋ ಇಲ್ಲವೋ ಹೇಳುತ್ತೇವೆ ಅನ್ನುವ ಪ್ಯಾಕೇಜುಗಳಿವೆಯಲ್ಲ, ಅವುಗಳಿಂದ ಈ ಕಾಯಿಲೆ ಗೊತ್ತಾಗುವುದಿಲ್ಲ. ಆ ದುಡ್ಡಿಗೆ ಮಗುವಿಗೆ ಹಣ್ಣು ತನ್ನಿ.

ಸರಿ, ಹೌದು ಅಂತಲೇ ಆಯಿತು ಅನ್ನಿ. ಔಷಧಿ ಇಲ್ಲ, ಜೀವಮಾನ ಪೂರ್ತಿ ಪಥ್ಯವೇ ಮದ್ದು. ಇದನ್ನು ಕಂಡುಹಿಡಿದವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಎರಡನೇ ಮಹಾಯುದ್ಧದ ಕೊನೆಗೆ, 1944-45ರ ಚಳಿಗಾಲದಲ್ಲಿ ಅಲ್ಲಿ ಬ್ರೆಡ್ಡು ಸಿಗದೆ ಜನ ಹಸಿದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು, ಬ್ರೆಡ್ಡು ಬಂದಮೇಲೆ ಮತ್ತೆ ಬಿದ್ದರು. 1950ರಲ್ಲಿ ಅವರು ಗೋಧಿಯ ಪಥ್ಯದ ವಿಷಯವಾಗಿ ಪ್ರಬಂಧ ಬರೆದರು. ಅದೇ ಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ನಮ್ಮ ಬೆಂಗಳೂರಲ್ಲಿ ರವೆ ಇಡ್ಲಿ ಹುಟ್ಟಿತು ಅಂತ ಎಂಟಿಆರ್‌ನವರು ಹೇಳಿಕೊಳ್ಳುತ್ತಾರೆ. ಈ ಮಗುವಿಗೆ ಈಗ ಅಕ್ಕಿ ಇಡ್ಲಿಯೇ ಗತಿ, ಅದೇನೂ ಶಿಕ್ಷೆಯಲ್ಲ ಬಿಡಿ.

ನಿಜ ಹೇಳಬೇಕಂದರೆ ಈ ಪಥ್ಯಕ್ಕೆ ನಮ್ಮ ಅಡುಗೆಮನೆಯಷ್ಟು ಅನುಕೂಲವಾದದ್ದು ಇನ್ನೊಂದಿಲ್ಲ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಸಬ್ಬಕ್ಕಿ, ಅವಲಕ್ಕಿ, ಮಂಡಕ್ಕಿ, ಬೇಳೆಕಾಳು ಯಾವುದರಲ್ಲೂ ಗ್ಲುಟೆನ್ ಇಲ್ಲ. ಅಕ್ಕಿ ರೊಟ್ಟಿ, ಒತ್ತು ಶ್ಯಾವಿಗೆ, ನುಚ್ಚಿನುಂಡೆ, ಅಕ್ಕಿ ತಂಬಿಟ್ಟು, ಕಜ್ಜಾಯ, ಎಲ್ಲ ಮಗುವಿನದೇ. ರಾಗಿಯಲ್ಲಂತೂ 100 ಗ್ರಾಮಿಗೆ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ. ಅಂಗಡಿಯ ದುಬಾರಿ ಗ್ಲುಟೆನ್‌ರಹಿತ ಕುಕ್ಕಿಗೆ ಕೈ ಹಾಕುವ ಮುಂಚೆ ನಿಮ್ಮ ಅಜ್ಜಿ ಏನು ಮಾಡುತ್ತಿದ್ದರು ಅಂತ ನೆನಪಿಸಿಕೊಳ್ಳಿ.

ತೊಂದರೆ ಇರುವುದು ಕಾಣದ ಗೋಧಿಯಲ್ಲಿ. ಮೊದಲನೆಯದು ಇಂಗು. ಅಂಗಡಿಯಲ್ಲಿ ಸಿಗುವುದು ಬರೀ ಇಂಗಲ್ಲ, ಅದಕ್ಕೆ ಮೈದಾನೋ ಅಕ್ಕಿ ಹಿಟ್ಟನ್ನೋ ಗೋಂದನ್ನೋ ಬೆರೆಸಿರುತ್ತಾರೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿ, ಗೋಧಿ ಇಲ್ಲದ್ದನ್ನೇ ತನ್ನಿ. ಸಿಗದಿದ್ದರೆ ಜೀರಿಗೆ, ಕರಿಬೇವಿನ ಒಗ್ಗರಣೆ ಸಾಕು, ಸಾರು ಕೆಡುವುದಿಲ್ಲ. ಪೊಟ್ಟಣದ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿಯಲ್ಲೂ ಇದೇ ಇಂಗು ಇರುತ್ತೆ ಅಂತ ಮರೆಯಬೇಡಿ.

ಎರಡನೆಯದು ಹಿಟ್ಟಿನ ಮಿಲ್ಲು. ಮುಂದಿನವರು ಗೋಧಿ ಬೀಸಿಸಿಕೊಂಡು ಹೋಗುತ್ತಾರೆ, ಅದೇ ಕಲ್ಲಿಗೆ ನಿಮ್ಮ ರಾಗಿ ಬೀಳುತ್ತೆ, ಮೊದಲ ಒಂದೆರಡು ಸೇರಲ್ಲಿ ಗೋಧಿ ಧೂಳು ಬಂದೇ ಬರುತ್ತೆ. ‘ಕ್ಲೀನ್ ಮಾಡಿ ಹಾಕ್ತೀನಿ ಅಮ್ಮ’ ಅಂತಾನೆ ಮಿಲ್ಲಿನವನು, ಪಾಪ, ಒಳಗಿನದನ್ನು ಅವನು ಹೇಗೆ ತೊಳೆಯುತ್ತಾನೆ? ಮಗುವಿನ ಪಾಲಿಗೆ ಮಿಲ್ಲನ್ನೇ ಬಿಡಿ. ರಾಗಿ ಆರಿಸಿ ತೊಳೆದು ರಾತ್ರಿ ನೆನೆಸಿ, ಬೆಳಗ್ಗೆ ಮಿಕ್ಸಿಯಲ್ಲಿ ರುಬ್ಬಿ ತೆಳು ಪಂಚೆಯಲ್ಲಿ ಸೋಸಿ ಹಾಲು ತೆಗೆಯಿರಿ. ಆ ಹಾಲಿಗೆ ಬೆಲ್ಲ, ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಮಗುಚಿದರೆ ಮಣ್ಣಿ. ದೋಸೆ ಹಿಟ್ಟನ್ನು ಮನೆಯಲ್ಲೇ ರುಬ್ಬಿ, ಅಂಗಡಿಯ ಹಿಟ್ಟಿಗೆ ಮೈದಾ ಸೇರಿಸುವವರೂ ಇದ್ದಾರೆ. ಅಕ್ಕಿ ಹಿಟ್ಟು ಬೇಕಾದಾಗ ಅಕ್ಕಿ ತೊಳೆದು ನೆರಳಲ್ಲಿ ಆರಿಸಿ ಮಿಕ್ಸಿಗೆ ಹಾಕಿ ಜರಡಿ ಹಿಡಿಯಿರಿ. ಜರಡಿ ಮಗುವಿನದೇ ಬೇರೆ ಇರಲಿ, ಮೈದಾ ಜರಡಿಯ ಸಂದಿಯಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಲಟ್ಟಣಿಗೆ, ಮರದ ಸೌಟು, ಕಾವಲಿಯೂ ಅಷ್ಟೇ. ಸ್ಟೀಲು ಪಾತ್ರೆ ಚೆನ್ನಾಗಿ ತೊಳೆದರೆ ಸಾಕು. ಪೂರಿ ಕರಿದ ಎಣ್ಣೆಯಲ್ಲಿ ಮಗುವಿನ ಹಪ್ಪಳ ಕರಿಯಬೇಡಿ.

ಕೊಂಡ ಪುಡಿಗಳ ವಿಷಯ ಚುಟುಕಾಗಿ ಹೇಳಿಬಿಡ್ತೀನಿ. ಹಾರ್ಲಿಕ್ಸ್‌ನಂಥ ಮಾಲ್ಟ್ ಪುಡಿಯಲ್ಲಿ ಬಾರ್ಲಿ, ಗೋಧಿ ಎರಡೂ ಇದೆ, ಬೇಡ. ಬಹುಧಾನ್ಯ ಅಂತ ಬರೆದ ಮಕ್ಕಳ ಹಿಟ್ಟಿನಲ್ಲಿ ಗೋಧಿ ಇರುವುದೇ ಹೆಚ್ಚು. ಖಪ್ಲಿ ಗೋಧಿ ಒಳ್ಳೇದು, ದೇಶಿ, ಹಳೆಯ ತಳಿ ಅಂತ ಮಾರುವವರು ಹೇಳುತ್ತಾರೆ. ಹಳೆಯದೋ ಹೊಸದೋ ಅದೂ ಗೋಧಿಯೇ. ಓಟ್ಸ್ ಡಾಕ್ಟರನ್ನು ಕೇಳದೆ ಕೊಡಬೇಡಿ. ಪೊಟ್ಟಣದ ಮೇಲೆ ಗ್ಲುಟೆನ್ ಫ್ರೀ ಅಂತ ಹಾಕಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ.

ಇಷ್ಟೆಲ್ಲ ನಿಮ್ಮ ಕೈಲಿದೆ. ಕೈಲಿಲ್ಲದ್ದು ನೆಂಟರು. ‘ನಾವೆಲ್ಲ ತಿಂದು ಬೆಳೆಯಲಿಲ್ವೇನೇ, ಒಂದು ಚೂರು ತಿಂದರೆ ಏನಾಗತ್ತೆ’ ಅನ್ನೋ ದೊಡ್ಡಮ್ಮ ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಅವರ ಜೊತೆ ವಾದ ಬೇಡ. ಮಗುವಿನ ರಿಪೋರ್ಟು ತೋರಿಸಿ, ‘ದೊಡ್ಡಮ್ಮ, ಇದು ಅಲರ್ಜಿ ಅಲ್ಲ, ಕರುಳಿಗೆ ಗಾಯ ಆಗುತ್ತೆ, ಹೊರಗೆ ಕಾಣಲ್ಲ’ ಅನ್ನಿ. ಆಮೇಲೆ ಅವರಿಗೇ ಒಂದು ಕೆಲಸ ಕೊಡಿ, ಮಗುವಿಗೆ ಚಕ್ಕುಲಿ ಮಾಡಿಕೊಡಿ, ಅಕ್ಕಿ ಹಿಟ್ಟು ನಾನೇ ತರ್ತೀನಿ ಅಂತ. ಅವತ್ತಿನಿಂದ ಅವರೇ ಕಾವಲು. ಸತ್ಯನಾರಾಯಣ ಪೂಜೆಯ ಸಜ್ಜಿಗೆ ಗೋಧಿ ರವೆಯದು, ಮಗುವಿಗೆ ನೈವೇದ್ಯದ ಬಾಳೆಹಣ್ಣು ಕೊಡಿ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ. ಹಬ್ಬದಲ್ಲಿ ಹೋಳಿಗೆ, ಕರಿಗಡುಬು, ಚಿರೋಟಿ ಬೇಡ. ಅಕ್ಕಿ ಹಿಟ್ಟಿನ ಸಿಹಿ ಕಡುಬು ಧಾರಾಳವಾಗಿ. ಕೋಡುಬಳೆ, ನಿಪ್ಪಟ್ಟಿಗೆ ಮೈದಾ, ಚಿರೋಟಿ ರವೆ ಬೀಳುವುದುಂಟು, ಮಾಡಿದವರನ್ನು ಕೇಳಿ. ಪ್ಲೇ ಸ್ಕೂಲಿನಲ್ಲಿ ಹುಟ್ಟುಹಬ್ಬದ ಕೇಕಿನಷ್ಟೇ ಆಟದ ಬಣ್ಣದ ಹಿಟ್ಟಿನ ಬಗ್ಗೆಯೂ ಹೇಳಿಡಿ. ಅದರಲ್ಲೂ ಗೋಧಿ ಇರುತ್ತೆ, ಈ ವಯಸ್ಸಿನವು ಎಲ್ಲವನ್ನೂ ಬಾಯಿಗೆ ಹಾಕುತ್ತವೆ.

ಪಥ್ಯ ಶುರುವಾದ ಕೆಲವೇ ವಾರಗಳಲ್ಲಿ ಮಗು ನಗುವುದು, ಹಸಿವು ಅನ್ನುವುದು ಶುರುವಾಗುತ್ತೆ. ರಕ್ತದ ಅಂಕಿ ಇಳಿಯಲು ಮಾತ್ರ ತಿಂಗಳುಗಟ್ಟಲೆ ಹಿಡಿಯುತ್ತೆ, ಅದಕ್ಕೆ ಹೆದರಬೇಡಿ. ಹೇಳಿದ ದಿನಕ್ಕೆ ತಪ್ಪದೆ ತೋರಿಸಿ, ಕಬ್ಬಿಣ, ವಿಟಮಿನ್ ಡಿ ಪರೀಕ್ಷೆ ಕೇಳಿ. ಅಣ್ಣ, ಅಕ್ಕ, ಅಪ್ಪ, ಅಮ್ಮನಿಗೂ ಟಿಟಿಜಿ ಮಾಡಿಸಬೇಕು, ಲಕ್ಷಣ ಏನೂ ಇಲ್ಲದಿದ್ದರೂ.

ಹೊರಗೆ ಹೋದಾಗ ಏನು ಕೊಡಿಸುವುದು ಅಂತ ಕೇಳುವವರು ಬಹಳ. ದರ್ಶಿನಿಯ ಚೌಚೌ ಬಾತು ಎರಡು ಕಡೆಯಿಂದಲೂ ರವೆ, ಬೇಕರಿಯ ಬಾಗಿಲಿಗೂ ಹೋಗಬೇಡಿ, ದೋಸೆ ಕಲ್ಲಿನ ಮೇಲೆ ರವೆ ದೋಸೆಯೂ ಬಿದ್ದಿರುತ್ತೆ. ಬಿಸಿ ಅಕ್ಕಿ ಇಡ್ಲಿ ತಗೊಳ್ಳಿ, ಸಾಂಬಾರಿನಲ್ಲಿ ಇಂಗು ಇರುವುದರಿಂದ ಅದು ಬೇಡ. ನೆಂಚಿಕೊಳ್ಳಲು ಮನೆಯಿಂದ ಒಂದು ಪುಟ್ಟ ಡಬ್ಬಿಯಲ್ಲಿ ತುಪ್ಪ, ಚಟ್ನಿಪುಡಿ ಚೀಲದಲ್ಲಿ ಇಟ್ಟಿರಿ.